ಬಚ್ಚ ಮರಕಾಲರ ಎರಡನೇ ಮನೆ

ಹಂಗಾರಕಟ್ಟೆಯ ಬಚ್ಚ ಮರಕಾಲರು ಕೂತದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಕಂಡವರಿದ್ದರೆ ಅವರು ತೀರಿಹೋಗಿದ್ದಾರೆ, ಇಲ್ಲವೇ ಮುಂಬಯಿಯ ಯಾವುದೋ ಹೋಟೆಲಿನ ಗಲ್ಲಾದ ಹಿಂದೆ ತಾವೇ ಕೂತಿದ್ದಾರೆ. ಮರಕಾಲರದ್ದು ಊಟ ನಿಂತು, ಚಾ ನಿಂತು, ಯಕ್ಷಗಾನದ ಆಟ ನೋಡುವುದು ಬೆಳಗಿನ ಮಂಗಳದ ತನಕ ನಿಂತು. ಕ್ಷೌರದಂಗಡಿಯಲ್ಲಿ ಅವರು ಕುರ್ಚಿ ಬೇಡವೆಂದು ಹಟ ಹಿಡಿದಾಗ ಅಂಗಡಿಯವನೇ ಸೋಡಾ ಬಾಟಲಿಯ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಕತ್ತರಿ ಆಡಿಸಿದ ಎಂದು ದೋಣಿ ತಂಗುವ ದಕ್ಕೆಯಲ್ಲಿ ಇಂದಿಗೂ ಹೇಳುತ್ತಾರೆ. ಮದುವೆಯ ದಿನ ಏನು ಮಾಡಿದರು ಎಂಬ ಒಂದು ವಿಷಯದಲ್ಲಿ ಮಾತ್ರ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿದೆ. ಹೆಣ್ಣಿನ ಕಡೆಯವರು ಕೂತಿದ್ದರು ಎನ್ನುತ್ತಾರೆ. ಗಂಡಿನ ಕಡೆಯವರು, ಕುಕ್ಕರುಗಾಲಿನಲ್ಲಿದ್ದರು, ಅದನ್ನು ಕೂತ ಲೆಕ್ಕಕ್ಕೆ ತೆಗೆದುಕೊಳ್ಳಲಾಗದು ಎನ್ನುತ್ತಾರೆ. ಪಕ್ಕದಲ್ಲೇ ಇದ್ದ ಮದುಮಗಳು ಜಲಜಳನ್ನು ಕೇಳಿದರೆ, "ನಾ ತಲಿ ತಗ್ಗಿಸ್ಕಂಡಿದ್ದೆ, ನಂಗ್ ಕಾಣ್ಲಿಲ್ಲೆ" ಎಂದು ನಲವತ್ತೈದು ವರ್ಷಗಳಿಂದ ಒಂದೇ ಸಾಕ್ಷಿ ನುಡಿಯುತ್ತಿದ್ದಾಳೆ.

ಇಷ್ಟೆಲ್ಲ ಪುರಾಣದ ಹಿಂದೆ ಇದ್ದದ್ದು ಒಂದು ಸೊಂಟ. ಮರದ ದೋಣಿ ಕಟ್ಟುವ ಕೆಲಸದಲ್ಲಿ ಮರಕಾಲರು ನಲವತ್ತು ವರ್ಷ ದೋಣಿಯ ಹೊಟ್ಟೆಯೊಳಗೆ ಬಗ್ಗಿಕೊಂಡೇ ಇದ್ದವರು. ಹೊರಗೆ ಬಂದಮೇಲೆ ನೆಟ್ಟಗೆ ನಿಲ್ಲುವುದೇ ಅವರಿಗೆ ವಿಶ್ರಾಂತಿ. ಆಮೇಲೆ ಮರದ ದೋಣಿಯ ಕಾಲ ಮುಗಿಯಿತು, ಫೈಬರ್ ಬಂತು, ಕಬ್ಬಿಣ ಬಂತು, ಅವರ ಕೈಗೆ ನಡುಕವೂ ಬಂತು. ಉಳಿ ಹಿಡಿದರೆ ಗೆರೆ ಹಾಕಿದಲ್ಲಿ ಕೂರದೆ ಪಕ್ಕದ ಬೆರಳಿನ ಮೇಲೆ ಕೂತಿತು. ಕೈ ನಿವೃತ್ತವಾಯಿತು. ಆದರೆ ಕಾಲಿಗೆ ಆ ಸುದ್ದಿ ಮುಟ್ಟಲಿಲ್ಲ. ಬೆಳಗಾದರೆ ಅದು ಹೊಸ್ತಿಲು ದಾಟಬೇಕು, ಬಸ್ಸು ಹತ್ತಬೇಕು.

ಎಲ್ಲಿಗೆ ಎಂದು ಕೇಳಬಾರದು. ಒಂದು ದಿನ ಬ್ರಹ್ಮಾವರ, ಒಂದು ದಿನ ಕುಂದಾಪುರ, ಮನಸ್ಸು ಬಂದರೆ ಗಂಗೊಳ್ಳಿ. ಎಲ್ಲಾದರೂ ದೋಣಿ ಮೇಲೆಳೆದಿದ್ದರೆ ಅದರ ಸುತ್ತ ಎರಡು ಸುತ್ತು ಬಂದು, "ಇದ್ರ್ ಹಲ್ಗಿ ಯಾರ್ ಹೊಡ್ದದ್?" ಎಂದು ವಿಚಾರಿಸಿ, ಉತ್ತರ ಬರುವ ಮೊದಲೇ ವಾಪಸು ಬಸ್ಸು. ನಲವತ್ತು ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುವ ಈ ಅಜ್ಜರಿಗೆ, "ಕೂಕಣಿ ಮಾರಾಯ್ರೆ, ಜನ ನನ್ನ್ ಬೈತ್ರ್" ಎಂದು ಕಂಡಕ್ಟರುಗಳು ಗೋಗರೆದದ್ದುಂಟು.

ಈ ಸಂಚಾರಕ್ಕೆಲ್ಲ ಹಣ ಕೊಡುತ್ತಿದ್ದದ್ದು ಸರ್ಕಾರ. ೨೦೦೮ರಿಂದ ತಿಂಗಳಿಗೆ ನಾನೂರು ರೂಪಾಯಿ ವೃದ್ಧರ ಪೆನ್ಶನ್ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಪ್ರೇಮಾನಂದ ಅಂಗಳದಲ್ಲಿ ಸೈಕಲ್ ನಿಲ್ಲಿಸಿ "ಬಚ್ಚ ಮರಕಾಲ!" ಎಂದು ಆಸ್ಥಾನದ ಹೊಗಳುಭಟರ ಹಾಗೆ ಕೂಗುತ್ತಿದ್ದ. ನಾಲ್ಕು ನೋಟು ಎಣಿಸಿ ಕೊಡುತ್ತಿದ್ದ. ಮರಕಾಲರು ಒಂದು ಹತ್ತು ರೂಪಾಯಿ ಅವನ ಚಾಕ್ಕೆಂದು ಹಿಂದೆ ಕೊಟ್ಟು ರಾಜಮರ್ಯಾದೆ ಪೂರೈಸುತ್ತಿದ್ದರು.

ಜಲಜ ಹಣ ಕೊಡದ ಹೆಂಗಸೇನೂ ಅಲ್ಲ. ಮೀನಿನ ಬುಟ್ಟಿ ಹೊತ್ತು ಸಾಸ್ತಾನದ ತನಕ ಹೋಗಿ ಮಾರಿ ಬರುವವಳು, ಸೊಂಟದ ಚೀಲ ಯಾವತ್ತೂ ತುಂಬಿರುತ್ತಿತ್ತು. ಆದರೆ ಆ ಚೀಲದ ಬಾಯಿ ಬಿಚ್ಚುವಾಗ ಅವಳ ಬಾಯಿಯೂ ಬಿಚ್ಚುತ್ತಿತ್ತು. "ಎಲ್ಲಿಗ್ ಹೋಪ್ದ್?" ಎಂಬ ಒಂದು ಪ್ರಶ್ನೆ. ಮರಕಾಲರಿಗೆ ಪ್ರಪಂಚದಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಅದೊಂದೇ. ಸರ್ಕಾರದ ನಾನೂರು ರೂಪಾಯಿ ಅಷ್ಟು ದೂರದಿಂದ ಬಂದರೂ ಒಂದು ದಿನವೂ ಹಾಗೆ ಕೇಳಿರಲಿಲ್ಲ.

ಇನ್ನು ಎರಡನೇ ಮನೆಯ ವಿಷಯ.

ಮರಕಾಲರ ತಾಯಿಯ ಮೂಲ ಬೈಂದೂರಿನ ಹತ್ತಿರದ ಯಡ್ತರೆ. ಅಲ್ಲಿದ್ದ ಮೂಲದ ಮನೆ ಯಾವತ್ತೋ ಬಿದ್ದುಹೋಗಿ, ಅವರ ದೈವ ಬೊಬ್ಬರ್ಯನ ಒಂದು ಕೋಣೆ ಮಾತ್ರ ಉಳಿದಿತ್ತು. ಕಡಲಿಗೆ ಹೋಗುವವರನ್ನು ಕಾಯುವ ದೈವ, ವರ್ಷಕ್ಕೊಮ್ಮೆ ಪೂಜೆ. ಅಳಿಯಸಂತಾನದ ಕಟ್ಟಿನ ಪ್ರಕಾರ ಮಾವನ ನಂತರ ಹಿರಿಯ ಸೋದರಳಿಯ ಆ ಸ್ಥಾನದ ಯಜಮಾನ. ೧೯೯೭ರಲ್ಲಿ ಮಾವ ಐತ ಮರಕಾಲರು ತೀರಿಕೊಂಡಾಗ ಪಟ್ಟ ಬಚ್ಚ ಮರಕಾಲರಿಗೆ ಬಂತು. ಪೂಜೆಯ ದಿನ ಮೊದಲ ಗಂಧ ಯಜಮಾನನಿಗೆ. ಅವನ ಕೈಗೆ ಬಿದ್ದಮೇಲೇ ಉಳಿದವರಿಗೆ. ಆ ಚಿಟಿಕೆ ಗಂಧಕ್ಕಾಗಿ ಆ ಕುಟುಂಬದಲ್ಲಿ ಎಷ್ಟು ಮುಖ ಊದಿದ್ದವು, ಎಷ್ಟು ಮಾತು ಬಿಟ್ಟಿದ್ದವು ಎಂದು ಹೇಳಹೊರಟರೆ ಹದಿನೆಂಟು ಪರ್ವ ಸಾಲದು. ಎಲ್ಲರಿಗಿಂತ ಹೆಚ್ಚು ಊದಿದ್ದದ್ದು ತಂಗಿ ನಾಗುವಿನ ಮಗ ಸುಧಾಕರನ ಮುಖ. ಸ್ವಂತ ಬೋಟಿನ ಮಾಲಿಕ ಅವನು. "ಮಾವನಿಗೆ ಪ್ರಾಯ ಆಯ್ತ್, ಇನ್ನಾರೂ ಜವಾಬ್ದಾರಿ ಬಿಟ್ಟುಕೊಡ್ಲಿ" ಎಂದು ಪ್ರತಿ ವರ್ಷ, ಮಾವನಿಗೆ ಕೇಳುವಷ್ಟೇ ದೂರದಲ್ಲಿ ನಿಂತು ಹೇಳುತ್ತಿದ್ದ.

ಪಟ್ಟಕ್ಕೆ ಬಂದ ವರ್ಷವೇ ಹೊಸ ಯಜಮಾನರು ದೈವದ ಕೋಣೆಗೆ ಕರೆಂಟು ಹಾಕಿಸುವ ಪಣ ತೊಟ್ಟರು. ಕರೆಂಟಿನವರು ಡೋರ್ ನಂಬರ್ ಕೇಳಿದರು. ಮರಕಾಲರು ಪಂಚಾಯತಿಗೆ ಹೋದರು.

"ದೈವಸ್ಥಾನ ಅಂತ ಬರೆಯಬೇಕಾದರೆ ಸಮಿತಿ ಆಗಬೇಕು" ಎಂದರು ಅಲ್ಲಿಯ ಗುಮಾಸ್ತರು. "ಅಧ್ಯಕ್ಷ, ಕಾರ್ಯದರ್ಶಿ, ಠರಾವು. ಇಲ್ಲಿ ಕೂತುಕೊಳ್ಳಿ, ಎಲ್ಲ ವಿವರವಾಗಿ ಹೇಳ್ತೇನೆ."

ಕೂರಬೇಕು ಎಂದದ್ದೇ ತಪ್ಪಾಯಿತು. ಮರಕಾಲರು ಬಾಗಿಲ ಕಡೆ ಒಂದು ಕಾಲಿಟ್ಟುಕೊಂಡೇ ಯೋಚಿಸಿದರು. ತಮ್ಮ ಕುಟುಂಬದವರನ್ನು ಸೇರಿಸಿ ಸಮಿತಿ ಮಾಡುವುದೆಂದರೆ ಹತ್ತು ವರ್ಷದ ಕೆಲಸ, ಅದರಲ್ಲಿ ಎಂಟು ವರ್ಷ ಅಧ್ಯಕ್ಷ ಯಾರೆಂಬುದಕ್ಕೇ ಬೇಕು. ಹೊರಗೆ ಬಸ್ಸಿನ ಹಾರ್ನ್ ಬೇರೆ ಕೇಳುತ್ತಿತ್ತು.

"ಮನಿ ಅಂದೇಳಿ ಬರೀನಿ. ನನ್ನ್ ಹೆಸ್ರಂಗೆ."

"ವಾಸ ಇರುವವರು?"

"ಒಬ್ರ್ ಇದ್ರ್. ನಮ್ ಹಿರಿಯೋರ್."

ಗುಮಾಸ್ತರು 'ವಾಸದ ಮನೆ, ಒಬ್ಬರು' ಎಂದು ಬರೆದರು. ಮರಕಾಲರು ಬಸ್ಸು ಹಿಡಿದರು. ವಾರದಲ್ಲಿ ಬೊಬ್ಬರ್ಯನ ತಲೆಯ ಮೇಲೆ ನಲವತ್ತರ ಬಲ್ಬು ಬೆಳಗಿತು. ಕುಟುಂಬವೆಲ್ಲ ಹೊಸ ಯಜಮಾನನ ಚುರುಕನ್ನು ಹೊಗಳಿತು, ಸುಧಾಕರನೊಬ್ಬನನ್ನು ಬಿಟ್ಟು. ಮುಂದೆ ಹಂಚು ತೆಗೆದು ತಾರಸಿ ಹಾಕಿದರು, ನೆಲಕ್ಕೆ ಟೈಲ್ಸ್ ಕೂರಿಸಿದರು. ಪ್ರತಿ ಸಲವೂ ದಾಖಲೆಯಲ್ಲಿ ಬಚ್ಚ ಮರಕಾಲರ ಶ್ರೀಮಂತಿಕೆ ಒಂದು ಮೆಟ್ಟಲು ಏರುತ್ತಾ ಹೋಯಿತು. ಅವರಿಗೆ ಮಾತ್ರ ತಿಳಿಯಲಿಲ್ಲ.

೨೦೧೨ರ ಮಳೆಗಾಲ ಮುಗಿಯುವ ಹೊತ್ತಿಗೆ ಪ್ರೇಮಾನಂದನ ಸೈಕಲ್ ಅಂಗಳದ ಮುಂದೆ ನಿಲ್ಲದೆ ಹೋಯಿತು. ಒಂದು ತಿಂಗಳಾಯಿತು. ಎರಡನೇ ತಿಂಗಳು ಮರಕಾಲರೇ ದಾರಿಗೆ ಅಡ್ಡ ನಿಂತರು.

"ಹ್ವಾಯ್, ನನ್ನ್ ದುಡ್ಡ್ ಎಲ್ಲೋ?"

"ಬಂದ್ರೆ ಕೊಡ್ದೆ ಇಟ್ಕಂತ್ನಾ ಮರಕಾಲ್ರೆ? ನಂಗೂ ಹತ್ತ್ ರುಪಾಯಿ ಲಾಸ್ ಅಲ್ದಾ?" ಎಂದ ಪ್ರೇಮಾನಂದ. "ಸ್ಥಿತಿವಂತ್ರದ್ದೆಲ್ಲ ನಿಲ್ಲಿಸಿರಂಬ್ರ್. ಬ್ರಹ್ಮಾವರಕ್ಕೆ ಹೋಯಿ ಕೇಣಿ."

ಸ್ಥಿತಿವಂತ! ಮರಕಾಲರು ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡರು. ಅದಕ್ಕಿದ್ದ ಮೂರು ಗುಂಡಿಗಳಲ್ಲಿ ಎರಡು ಬೇರೆ ಅಂಗಿಯವು.

ಬಸ್ಸಿಗೆ ಕೈಯಲ್ಲಿ ಹಣವಿರಲಿಲ್ಲ. ಜಲಜಳ ಹತ್ತಿರ ಕೇಳಿದರೆ ಆ ಪ್ರಶ್ನೆ ಬರುತ್ತದೆ. ಈ ಸಲ ಉತ್ತರ ಗೊತ್ತಿತ್ತು ನಿಜ, ಆದರೂ ಒಮ್ಮೆ ಅಭ್ಯಾಸವಾದರೆ ಕಷ್ಟ. ನಡೆದೇ ಹೊರಟರು. ದಾರಿಯಲ್ಲಿ ಪರಿಚಯದ ಮೀನಿನ ಟೆಂಪೋದವನು ನಿಲ್ಲಿಸಿದ. ಹಿಂದೆ ಐಸ್ ಪೆಟ್ಟಿಗೆಗಳ ನಡುವೆ ನಿಂತುಕೊಂಡೇ ಸವಾರಿ ಬ್ರಹ್ಮಾವರ ತಲುಪಿತು.

ಅಲ್ಲಿಯ ನಾಡಕಚೇರಿಯಲ್ಲಿ ಗ್ರಾಮಲೆಕ್ಕಿಗರಾಗಿ ಸ್ನೇಹಲತಾ ಎಂಬ ಹೆಣ್ಣುಮಗಳಿದ್ದಳು. ಹಾವೇರಿ ಕಡೆಯವಳು, ಕರಾವಳಿಗೆ ಬಂದು ನಾಲ್ಕು ತಿಂಗಳು.

"ಕುಂಡ್ರಿ ಅಜ್ಜಾರ."

"ಬ್ಯಾಡ ಅಮ್ಮ. ನಿಂತೇ ಹೇಳ್ತೆ."

ಅವಳು ಪಟ್ಟಿ ನೋಡಿದಳು. "ನಿಮ್ದು ಎರಡ್ ಮನಿ ಅದಾವಲ್ರಿ."

"ಎರಡಾ? ನಂಗ್ ಒಂದೂ ಇಲ್ಯಲೆ."

"ಹಂಗಾರಕಟ್ಟಿದು?"

"ಅದ್ ಹೆಂಡ್ತಿ ತಾಯಿ ಮನಿ. ನಾ ಅಲ್ಲಿ ಊಟಕ್ಕಿಪ್ಪವ."

"ಹೋಗ್ಲಿ, ಯಡ್ತರೀದು? ತಾರಸಿ ಮನಿ, ಟೈಲ್ಸ್ ನೆಲ, ಕರೆಂಟ್ ಐತಿ."

"ಅದ್ ಬೊಬ್ಬರ್ಯಂದ್."

"ಯಾರವ್ರು, ನಿಮ್ ತಮ್ಮಾರಾ? ಅಲ್ಲೇ ಇರ್ತಾರಾ?"

"ಅಲ್ಲೇ ಇದ್ರ್. ಮುನ್ನೂರ್ ವರ್ಷ ಆಯ್ತ್."

ಸ್ನೇಹಲತಾ ಪೆನ್ನು ಕೆಳಗಿಟ್ಟಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು ನಗು ತಡೆದುಕೊಂಡು ಬಂದು ಅವಳ ಕಿವಿಯಲ್ಲಿ ವಿಷಯ ಹೇಳಿದಳು. ಸ್ನೇಹಲತಾ ಗಾಬರಿಯಿಂದ ಆ ಫೈಲಿಗೇ ಒಮ್ಮೆ ಕೈಮುಗಿದಳು. ಆದರೆ ಫೈಲಿನಲ್ಲಿ ದೈವದ ಹೆಸರಿರಲಿಲ್ಲ. ಬಚ್ಚ ಮರಕಾಲ ಬಿನ್ ಇಂಥವರು ಎಂದಿತ್ತು, ಕೆಳಗೆ ಹೆಬ್ಬೆರಳಿಗಿಂತ ದೊಡ್ಡದಾದ ಅವರದೇ ರುಜುವಿತ್ತು.

"ಅಜ್ಜಾರ, ನಾ ನಂಬ್ತೀನಿ, ಕಾಗದ ನಂಬಂಗಿಲ್ಲ" ಎಂದಳು ಅವಳು. "ಇರೋ ಮನಿ ಬಿಟ್ಟು ಇನ್ನೊಂದ್ ಇತ್ತಂದ್ರ ರೊಕ್ಕ ನಿಲ್ಲತೈತಿ. ನಿಮ್ ಕುಟುಂಬದಾಗ ಬ್ಯಾರೆ ಯಾರರ ಹೆಸರಿಗೆ ಆ ನಂಬರ್ ಮಾಡಿಸ್ರಿ. ಅವ್ರ ಒಪ್ಪಿಗಿ ಬರೆದು ಸಹಿ ಹಾಕಿಸಿಕೊಂಡು, ಪಂಚಾಯತಿಯಾಗ ಬದಲಿ ಮಾಡಿಸಿ, ನನಗ ಒಂದ್ ಪ್ರತಿ ತಂದುಕೊಡ್ರಿ. ಮುಂದಿಂದು ನಾ ನೋಡ್ಕೋತೀನಿ."

ಮರಕಾಲರಿಗೆ ಸಮಾಧಾನವಾಯಿತು. ಇಷ್ಟೇ ತಾನೆ! ಹದಿನೈದು ವರ್ಷಗಳಿಂದ ಈ ಪಟ್ಟಕ್ಕೆ ಬಾಯಿಬಿಟ್ಟು ಕಾದವರು ಒಬ್ಬಿಬ್ಬರೇ? ನಂಬರು ಕೊಟ್ಟರೆ ಯಜಮಾನಿಕೆಯೂ ಅದರ ಹಿಂದೆಯೇ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೊದಲ ಗಂಧದ ತಂಪು ಅಂಗೈಗೆ ಅಭ್ಯಾಸವಾಗಿತ್ತು. ಆದರೆ ಗಂಧ ವರ್ಷಕ್ಕೊಮ್ಮೆ, ಬಸ್ಸು ದಿನಾ.

ಹೀಗೆ, ಮೀನಿನ ಟೆಂಪೋವೇ ರಥವಾಗಿ, ಬಚ್ಚ ಮರಕಾಲರ ದಿಗ್ವಿಜಯ ಯಾತ್ರೆ ಶುರುವಾಯಿತು. ರಾಜರು ರಾಜ್ಯ ಗೆಲ್ಲಲು ಹೊರಡುತ್ತಾರೆ. ಇವರು ಕೊಡಲು ಹೊರಟರು.

ಮೊದಲು ತಮ್ಮ ಶೀನನ ಮನೆ, ಕೋಟದ ಹತ್ತಿರ. ಶೀನ ವಿಷಯ ಕೇಳಿ ಅಣ್ಣನ ಕಾಲು ಹಿಡಿಯುವಷ್ಟು ಭಾವುಕನಾದ. ಆಮೇಲೆ ಸ್ವಲ್ಪ ಯೋಚಿಸಿ ಕೈ ಹಿಂದೆ ತೆಗೆದುಕೊಂಡ. "ಅಣ್ಣ, ನಾ ಸರ್ಕಾರದ್ ಮನಿಗೆ ಅರ್ಜಿ ಕೊಟ್ಟಿದೆ. ಮನಿ ಇಲ್ದವ್ರಿಗೆ ಮಾತ್ರ ಕೊಡುದ್ ಅಂಬ್ರ್. ಈಗ ನನ್ನ್ ಹೆಸ್ರಿಗೆ ತಾರಸಿ ಮನಿ ಬಂದ್ರೆ ಹ್ಯಾಂಗೆ?"

"ಅದ್ ದೈವದ್ ಅಲ್ದನಾ?"

"ನಿನ್ನ್ ಹೆಸ್ರಂಗಿದ್ದಾಗ್ಳೂ ದೈವದ್ದೇ ಆಯಿತ್ತಲ್ಲ ಅಣ್ಣ."

ಮರಕಾಲರು ಎದ್ದು ಬಂದರು ಎನ್ನುವಂತಿಲ್ಲ, ನಿಂತಲ್ಲಿಂದಲೇ ಹೊರಟರು.

ಎರಡನೆಯದು ಚಿಕ್ಕಮ್ಮನ ಮಗಳು ರತ್ನ, ಹೆಮ್ಮಾಡಿಯಲ್ಲಿ. ಗಂಡ ತೀರಿಹೋದ ರತ್ನನಿಗೆ ವಿಧವಾ ವೇತನ ಬರುತ್ತಿತ್ತು. ಹೆಂಗಸಾದರೂ ಮೂಲದವಳು, ಹೆಸರು ಹಾಕಲು ಅಡ್ಡಿಯಿಲ್ಲ. ಅವಳು ಬಂಗುಡೆ ಸಾರು ಹಾಕಿ ಊಟ ಬಡಿಸಿದಳು. ಮರಕಾಲರು ಕಿಟಕಿಯ ದಂಡೆಯ ಮೇಲೆ ಬಟ್ಟಲಿಟ್ಟುಕೊಂಡು ನಿಂತೇ ಉಂಡರು. ಕೈ ತೊಳೆಯಲು ರತ್ನ ನೀರು ಕೊಟ್ಟಳು. ಆಮೇಲೆ, "ಅಣ್ಣಯ್ಯ, ನಿಮ್ ಪೆನ್ಶನ್ ನಿಂತದ್ ಕಂಡ್ಮೇಲೂ ನಾ ತಲಿ ಕೊಡ್ಕಾ?" ಎಂದಳು. ಅವರು ಹೊರಟಾಗ ಬಸ್ಸಿಗೆಂದು ಐವತ್ತು ರೂಪಾಯಿ ಕಿಸೆಗೆ ತುರುಕಿದಳು. ರಾಜ್ಯ ಕೊಡಲು ಹೋದವರು ಭಿಕ್ಷೆ ತೆಗೆದುಕೊಂಡು ಬಂದರು.

ಕೊನೆಗೆ ಸುಧಾಕರ. ಬೈಂದೂರಿನಲ್ಲಿ ಅವನ ಮನೆಯ ಮುಂದೆ ಬೈಕು ಎರಡು, ಹಿಂದೆ ಬಲೆ ರಾಶಿ, ನಡುವೆ ಫ್ರಿಜ್ಜು. ಇವನಿಗಾದರೂ ಸರ್ಕಾರದ ಹಂಗಿಲ್ಲ ಎಂದುಕೊಂಡು ಮರಕಾಲರು ಒಳಹೊಕ್ಕರು. ಸುಧಾಕರ ಕಣ್ಣರಳಿಸಿದ. ಮಾವನ ಎರಡೂ ಕೈ ಹಿಡಿದುಕೊಂಡ. "ನಿಮ್ಗ್ ಈಗಾರೂ ಬುದ್ಧಿ ಬಂತಲೆ ಮಾವ! ಬಪ್ಪು ವರ್ಷ ಕಾಣಿ, ಮೈಕ್ ಹಾಕಿ, ಲೈಟ್ ಹಾಕಿ…"

"ಸೈನ್ ಹಾಕ್. ಡೋರ್ ನಂಬ್ರ್ ನಿನ್ನ್ ಹೆಸ್ರಿಗೆ ಬತ್ತ್."

"ನಂಬ್ರಾ?" ಸುಧಾಕರನ ಕೈ ಸಡಿಲವಾಯಿತು. "ಯಜಮಾನಿಕಿ ಕೊಡಿ ಮಾವ. ನಂಬ್ರ್ ನಿಮ್ಮಲ್ಲೇ ಇರ್ಲಿ."

ಕಾರಣ ಒಳಕೋಣೆಯ ಕಪಾಟಿನಲ್ಲಿತ್ತು. ಬಡವರಿಗೆಂದು ಕೊಡುವ ರೇಷನ್ ಕಾರ್ಡು. ಬೋಟು ಇನ್ನೊಬ್ಬರ ಹೆಸರಿನಲ್ಲಿತ್ತು, ಈ ಮನೆ ಹೆಂಡತಿಯ ಹೆಸರಿನಲ್ಲಿತ್ತು, ಸುಧಾಕರ ಮಾತ್ರ ದಾಖಲೆಯ ಪ್ರಕಾರ ಉಟ್ಟ ಬಟ್ಟೆಯಲ್ಲಿದ್ದ ಬಡವ. "ಅಕ್ಕಿ ನಾವ್ ತಿಂತಿಲ್ಲೆ, ಕೋಳಿಗೆ ಹಾಕ್ತ್. ಆರೆ ಆಸ್ಪತ್ರೆಗೆ ಬೇಕಲ್ದಾ ಮಾವ, ಕಾರ್ಡ್ ಹೋದ್ರೆ ಮುಗೀತ್."

ಮನೆಗೆ ಬಂದ ಮರಕಾಲರು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದರು. ಮರುದಿನವೂ ನಡೆದರು. ವಾರಗಟ್ಟಲೆ ನಡೆದರು. ರತ್ನ ಕೊಟ್ಟ ಐವತ್ತು ರೂಪಾಯಿ ಒಂದು ಕುಂದಾಪುರ, ಒಂದು ಬ್ರಹ್ಮಾವರಕ್ಕೆ ಮುಗಿದುಹೋಗಿತ್ತು. ಮುಖ್ಯರಸ್ತೆಯಲ್ಲಿ ಬಸ್ಸು ಕೂಗಿದಾಗಲೆಲ್ಲ ಅವರ ಬಲಗಾಲು ತಾನಾಗಿ ಮುಂದೆ ಹೋಗಿ, ಕಿಸೆ ನೆನಪಾಗಿ ಹಿಂದೆ ಬರುತ್ತಿತ್ತು. ಜಲಜ ಹಬ್ಬಿಸಿದ್ದ ತೊಂಡೆಬಳ್ಳಿಯ ಬುಡದಲ್ಲೇ ಕಾಲುದಾರಿಯೊಂದು ಬಿದ್ದೇಬಿಟ್ಟಿತು. ಬಳ್ಳಿ ಒಣಗಿತು.

ಬಳ್ಳಿ ಒಣಗಿದ ದಿನ ಜಲಜಳ ತಾಳ್ಮೆಯೂ ಒಣಗಿತು. "ಹ್ವಾಯ್, ನಿಲ್ಲಿ ಒಂದ್ ಸಲ! ದುಡ್ಡ್ ಬೇಕಾ? ತಕಣಿ." ಐವತ್ತರ ನೋಟು ಹಿಡಿದಳು. ಆ ಪ್ರಶ್ನೆ ಬಾಯಿಯ ತನಕ ಬಂದೇಬಂತು. ಕಷ್ಟಪಟ್ಟು ನುಂಗಿದಳು. ನುಂಗಿದ್ದು ಗಂಟಲಲ್ಲಿ ಇಳಿದದ್ದು ಮರಕಾಲರಿಗೆ ಕಾಣಿಸಿತು. ಅವರು ನೋಟು ತೆಗೆದುಕೊಳ್ಳಲಿಲ್ಲ.

"ಹಂಗಾರೆ ನಾ ಹೇಳ್ದಾಂಗ್ ಮಾಡಿ" ಎಂದಳು ಅವಳು. ಮೂವತ್ತು ವರ್ಷ ಮೀನು ಮಾರಿದವಳು, ಗಿರಾಕಿಯ ಆಸೆ ಎಲ್ಲಿದೆ ಎಂದು ಮುಖ ನೋಡಿ ಹೇಳಬಲ್ಲವಳು. "ಅವ್ರಿಗೆ ಬೇಕಾದ್ದ್ ಗಂಧ, ಬ್ಯಾಡದ್ದ್ ನಂಬ್ರ್. ಬಂಗುಡಿ ಬೇಕಂದ್ರೆ ಬುಟ್ಟಿ ಅಡಿಗಿದ್ದ್ ಬೂತಾಯಿ ಮೀನೂ ತಕಣ್ಕ್. ಎರಡನ್ನೂ ಸೇರ್ಸಿ ಮಾರಿ. ಪೂಜಿ ದಿನ ಎಲ್ರ ಎದ್ರಿಗೆ."

ಫೆಬ್ರವರಿಯಲ್ಲಿ ಪೂಜೆ. ಯಡ್ತರೆಯ ಅಂಗಳದಲ್ಲಿ ಚಪ್ಪರ, ಕುಟುಂಬದವರೆಲ್ಲ ಸೇರಿ ಅರುವತ್ತು ಎಪ್ಪತ್ತು ಮಂದಿ. ಪೂಜೆಗೆ ಮೊದಲೇ ಮರಕಾಲರು ಚಪ್ಪರದ ನಡುವೆ ನಿಂತು ಘೋಷಿಸಿದರು. "ಈ ವರ್ಷ ಗಂಧ ನಾ ತಕಂತಿಲ್ಲೆ. ಯಾರ್ ನಂಬ್ರ್ ತಕಂತ್ರೋ ಅವ್ರೇ ಗಂಧ ತಕಣ್ಲಿ. ಅವ್ರೇ ಯಜಮಾನ್ರ್."

ಚಪ್ಪರದಲ್ಲಿ ಗುಸುಗುಸು ಎದ್ದಿತು. ಹದಿನೈದು ವರ್ಷ ಆ ಪಟ್ಟಕ್ಕಾಗಿ ಜಗಳಾಡಿದ ವೀರರೆಲ್ಲ ಒಬ್ಬೊಬ್ಬರಾಗಿ ಹಿಂದಿನ ಸಾಲಿಗೆ ಸರಿದರು. ಯಾರಿಗೆ ಕಾರ್ಡು, ಯಾರಿಗೆ ವೇತನ, ಯಾರಿಗೆ ಅರ್ಜಿ. ಆ ಕುಟುಂಬದಲ್ಲಿ ಇಷ್ಟು ಮಂದಿ ನಿರ್ಗತಿಕರಿದ್ದಾರೆಂದು ಬೊಬ್ಬರ್ಯನಿಗೂ ಅಂದೇ ತಿಳಿದಿರಬೇಕು.

ದೈವ ಮೈಮೇಲೆ ಬರುವ ಪಾತ್ರಿಗಳು ಕೆಂಪು ರೇಷ್ಮೆ ಪಟ್ಟೆ ಉಟ್ಟು, ಅಡಕೆಯ ಸಿಂಗಾರದ ಹೂ ಹಿಡಿದು ನಿಂತರು. ಘಂಟೆ ಜೋರಾಯಿತು. ಮೈ ನಡುಗಿತು, ದರ್ಶನ ಬಂತು. ಈಗ ಮಾತಾಡುವುದು ಪಾತ್ರಿಯಲ್ಲ, ದೈವ.

"ಯಜಮಾನ ಎಲ್ಲಿ? ಗಂಧ ಹಿಡಿಯಲಿ!"

ಯಾರೂ ಅಲುಗಲಿಲ್ಲ. ಶೀನ ಚಪ್ಪರದ ತೆಂಗಿನ ಗರಿ ಎಣಿಸುತ್ತಿದ್ದ. ಸುಧಾಕರ ಮೊಬೈಲು ತೆಗೆದು, ಬಾರದ ಕರೆಯನ್ನು ನೋಡುತ್ತಿದ್ದ. ಬಚ್ಚ ಮರಕಾಲರು ಕಂಬಕ್ಕೆ ಅಂಟಿಕೊಂಡು ನಿಂತಿದ್ದರು. ಅಂಗೈ ಅಭ್ಯಾಸಬಲದಿಂದ ತೆರೆದುಕೊಂಡಿತು. ಅದನ್ನು ಮುಚ್ಚಿ ಬೆನ್ನ ಹಿಂದೆ ಇಟ್ಟುಕೊಂಡರು. ಒಂದು ಕ್ಷಣ, ಯಾರೂ ಬರದಿದ್ದರೆ ತಾನೇ ಹೋಗಿಬಿಡುವುದು, ಪೆನ್ಶನ್ ಹಾಳಾಗಿ ಹೋಗಲಿ ಎಂದೂ ಅನ್ನಿಸಿತು. ದೈವವನ್ನು ಕಾಯಿಸಿ ನಿಲ್ಲಿಸುವ ಧೈರ್ಯ ಎಷ್ಟು ಹೊತ್ತು ಇರುತ್ತದೆ? ಕಾಲು ಕುಣಿಯತೊಡಗಿತು. ಹೆಂಗಸರ ಸಾಲಿನಿಂದ ಜಲಜ ಕಣ್ಣಿನಲ್ಲೇ ಗದರಿಸಿದಳು.

ದೈವ ಚಪ್ಪರದ ಸುತ್ತ ಒಮ್ಮೆ ನೋಡಿತು. ನೋಟ ಸುಧಾಕರನ ಮೇಲೆ ನಿಂತಿತು.

"ಕಡಲಲ್ಲಿ ನಿನ್ನ ಬೋಟನ್ನು ಕಾಯುವವ ನಾನು. ಆಗ ಯಾರ ಹೆಸರಿನ ಬೋಟು ಎಂದು ನಾನು ಕೇಳಿದ್ದುಂಟೋ ಮಗೂ? ನನ್ನ ಬಾಗಿಲಿಗೆ ನಿನ್ನ ಹೆಸರು ಭಾರವಾಯಿತೋ?"

ಸುಧಾಕರನ ಮೊಬೈಲು ಕಿಸೆ ತಪ್ಪಿ ನೆಲಕ್ಕೆ ಬಿತ್ತು. ಅವನ ತಾಯಿ ನಾಗು ಹಿಂದಿನಿಂದ ಬೆನ್ನಿಗೆ ಸರಿಯಾಗಿ ಒಂದು ಕೊಟ್ಟಳು. "ಹೋಗಾ! ನಾಳಿಗ್ ಕಡ್ಲಿಗ್ ಹೋಪ್ದ್ ಕಾರ್ಡ್ ಹಿಡ್ಕಂಡಾ?" ಸುಧಾಕರ ಮುಂದೆ ಬಂದ. ಅಂಗೈ ಒಡ್ಡಿದ. ಗಂಧ ಬಿತ್ತು. ಅದು ಒಣಗುವ ಮೊದಲೇ ಮರಕಾಲರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದ ಒಪ್ಪಿಗೆಪತ್ರವನ್ನೂ ಪೆನ್ನನ್ನೂ ಅವನ ಎದುರು ಹಿಡಿದರು. ಸುಧಾಕರ ಶೀನನ ಬೆನ್ನಿನ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಸಹಿಯ ಪಕ್ಕದಲ್ಲಿ ಗಂಧದ ಒಂದು ಬೆರಳಚ್ಚೂ ಬಿತ್ತು. ಮರಕಾಲರು ಅದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಒಳಗೆ ಇಳಿಸಿಕೊಂಡರು.

ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ದೈವ ಅವರ ಕಡೆ ತಿರುಗಿತು. ಘಂಟೆ ನಿಂತಿತು.

"ಬಚ್ಚ, ಹದಿನೈದು ವರ್ಷ ನನ್ನ ಬಾಗಿಲು ಕಾದೆ. ನನ್ನ ಕತ್ತಲೆಗೆ ಬೆಳಕು ತಂದೆ. ಕೇಳದೆ ಬಂದ ಪಟ್ಟವನ್ನು ಕೇಳುವವರಿಗೆ ಬಿಟ್ಟುಕೊಟ್ಟೆ. ಹೇಳು, ನನ್ನಿಂದ ನಿನಗೆ ಏನು ಕುಂದು ಬಂತು? ಯಾವ ನೋವಿನಿಂದ ಈ ತ್ಯಾಗ ಮಾಡಿದೆ?"

ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು. ರತ್ನ ಬಿಕ್ಕಿದಳು. ಸುಧಾಕರ ಕೂಡ ಗಂಧದ ಕೈಯಿಂದಲೇ ಮೂಗು ಒರೆಸಿಕೊಂಡ. ಎಲ್ಲರೂ ಆ ಮಹಾಪುರುಷನ ಬಾಯಿಯನ್ನೇ ನೋಡಿದರು.

ಮರಕಾಲರು ಕೈಮುಗಿದರು.

"ಕುಂದ್ ಎಂತದೂ ಇಲ್ಲೆ ಸ್ವಾಮಿ. ಪೆನ್ಶನ್ ನಿಂತಿತ್ತ್."